ಕೆಂಪು ಜುಟ್ಟಿಗೆ ಕಾದ ಸಂಕವ್ವ

ಬಹಳ ಹಿಂದೆ, ಮರಗಿಡಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕಂಚಿಕೋಟೆ ಎಂಬ ರಾಜ್ಯವಿತ್ತು. ಅಲ್ಲಿ ಕೋಳಿ ಸಾಕುವ ಸಂಕವ್ವ ತನ್ನ ತಂಗಿ ನೀಲಿಯ ಜೊತೆ ಇದ್ದಳು. ಧೂಮಕೇಶನೆಂಬ ಮಾಂತ್ರಿಕ ನೀಲಿಯನ್ನು ಮದುವೆಗೆ ಕೇಳಿದ. ಅವಳು ಒಲ್ಲೆ ಎಂದಳು. ಅವನು ಅವಳನ್ನು ಕೋಳಿಮರಿ ಮಾಡಿ ತನ್ನ ಗುಹೆಗೆ ಒಯ್ದ.

ಸಂಕವ್ವ ಬೆನ್ನಟ್ಟಿ ಹೋದಳು.

"ಮೂರು ಪರೀಕ್ಷೆ. ಒಂದು ತಪ್ಪಿದರೂ ನಿನ್ನ ತಂಗಿ ಸಾಯುವತನಕ ಕೋಳಿಯೇ," ಎಂದ ಮಾಂತ್ರಿಕ.

ಮೊದಲು ಮಸಿ ಬಳಿದ ನೂರು ಮರಿ ತಂದು, ಕರಿಕೋಳಿ ತಳಿಯದು ಯಾವುದೆಂದು ಕೇಳಿದ. ಸಂಕವ್ವ ಒಂದೊಂದರ ಕೊಕ್ಕು ಬಿಡಿಸಿ ನೋಡಿದಳು. ಒಂದರ ನಾಲಿಗೆಯೂ ಕಪ್ಪಗಿತ್ತು.

"ಇದೇ. ನಾಲಿಗೆಗೆ ಮಸಿ ಬಳಿಯೋದು ಮರೆತೆಯಲ್ಲೋ ಮಾರಾಯ!"

ಆಮೇಲೆ ಎರಡು ತಿಂಗಳ ಎರಡು ಮರಿ ತಂದು, ಹೇಂಟೆ ಯಾವುದೆಂದು ಕೇಳಿದ. ಒಂದಕ್ಕೆ ಜುಟ್ಟು ಕೆಂಪೇರಿ ಕಾಲು ದಪ್ಪಗಾಗಿತ್ತು. ಇನ್ನೊಂದರ ಜುಟ್ಟು ಚಿಕ್ಕದು, ಬಣ್ಣ ಮಾಸಲು.

"ಈ ಮಾಸಲು ಜುಟ್ಟಿನದು. ಇದನ್ನ ಹೇಳೋಕೆ ನಾನೇ ಬರಬೇಕಿತ್ತಾ?"

ಕೊನೆಗೆ ಬುಟ್ಟಿಯಲ್ಲಿ ಎರಡು ದಿನದ ಮೂರು ಮರಿ ತಂದ. ಮೂರೂ ಒಂದೇ ಅಚ್ಚು. "ಎರಡು ಹುಂಜ, ಒಂದು ನಿನ್ನ ತಂಗಿ. ನಿಮ್ಮೂರಲ್ಲಿ ಕಾಲು ಹಿಡಿದು ತಲೆಕೆಳಗೆ ತೂಗ್ತೀರಲ್ಲ, ಸುಮ್ಮನಿದ್ದರೆ ಹೇಂಟೆ ಅಂತ? ತೂಗು!"

ಸಂಕವ್ವ ಒಂದನ್ನು ತೂಗಿದಳು. ಅದು ಸುಮ್ಮನಿತ್ತು. ಇದೇ ಎನ್ನಲು ಬಾಯಿ ತೆರೆದವಳಿಗೆ ಅವ್ವನ ನೆನಪಾಯಿತು. ಅವ್ವ ಹೀಗೆ ತೂಗಿ ಆರಿಸಿದ ಹೇಂಟೆಗಳಲ್ಲಿ ಅರ್ಧಕ್ಕರ್ಧ ಬೆಳೆದ ಮೇಲೆ ಹುಂಜಗಳಾಗಿ ಕೂಗಲು ಶುರುಮಾಡಿದ್ದವು! ಮರಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ಈಗ ಗೊತ್ತಾಗಲ್ಲ. ಜುಟ್ಟು ಬರಲಿ, ಹೇಳ್ತೀನಿ. ಇವತ್ತೇ ಹೇಳಬೇಕು ಅಂತ ನೀನು ಅಂದಿಲ್ಲವಲ್ಲ?"

ಧೂಮಕೇಶ ಹಲ್ಲು ಕಡಿದ. ಆದರೆ ಪರೀಕ್ಷೆಯ ನಡುವೆ ಹೊಸ ಷರತ್ತು ಹಾಕಿದರೆ ಅವನ ಮಂತ್ರವೇ ಮುರಿಯುತ್ತಿತ್ತು.

ಸಂಕವ್ವ ಗುಹೆಯ ಬಾಗಿಲಲ್ಲೇ ಕುಳಿತಳು. ತಂಗಿ ಯಾವುದೋ ತಿಳಿಯದೆ ಮೂರಕ್ಕೂ ಸಮನಾಗಿ ನುಚ್ಚು ಹಾಕಿದಳು, ಮೂರನ್ನೂ ಹದ್ದಿನಿಂದ ಕಾದಳು. ಎರಡು ತಿಂಗಳಿಗೆ ಎರಡು ಜುಟ್ಟು ಕೆಂಪಾದವು, ಒಂದು ಆಗಲಿಲ್ಲ.

"ಇವಳೇ ನನ್ನ ನೀಲಿ!"

ನೀಲಿ ಹುಡುಗಿಯಾಗಿ ಎದ್ದುನಿಂತಳು. ಸೋತ ಧೂಮಕೇಶನಿಗೆ ತನ್ನ ಮಂತ್ರಗಳೆಲ್ಲ ಮರೆತುಹೋದವು. ಅವನು ಆ ರಾಜ್ಯವನ್ನೇ ಬಿಟ್ಟು ಓಡಿದ.

"ಅಕ್ಕಾ, ಮೊದಲ ದಿನದಿಂದ ನಿನ್ನ ಕಾಲ ಹತ್ರಾನೇ ಕೂಗ್ತಿದ್ದೆ. ಗೊತ್ತಾಗಲಿಲ್ವಾ?"

"ಮೂರೂ ಕೂಗ್ತಿದ್ವು ಕಣೇ," ಎಂದು ಸಂಕವ್ವ ಅವಳನ್ನು ತಬ್ಬಿ ಅತ್ತಳು.

ಆ ಎರಡು ಹುಂಜಗಳನ್ನು ಸಾರಿಗೆ ಹಾಕಲು ನೀಲಿ ಕೊನೆಗೂ ಬಿಡಲಿಲ್ಲ. "ಒಂದೇ ಬುಟ್ಟೀಲಿ ಬೆಳೆದೋರು ನಾವು," ಎನ್ನುತ್ತಿದ್ದಳು. ಅವು ಮುದಿಯಾಗುವವರೆಗೂ ಕೂಗಿಕೊಂಡಿದ್ದವು, ಅಕ್ಕತಂಗಿಯರು ಸುಖವಾಗಿದ್ದರು.