ಮಾಳಿಗೆಯ ಮೇಲಿನ ನಾಲ್ಕು ನಟ್ಟು

2026ರ ಮಾರ್ಚ್ 9, ಸೋಮವಾರ. ತಿಕೋಟಾ ಪೊಲೀಸ್ ಠಾಣೆಯ ಅಂಗಳದ ಕಸ ಹೊಡೆದು ಮುಗಿದಿರಲಿಲ್ಲ, ಆಗಲೇ ವಿಜಯಪುರದ ನದೀಮ ಎಂಬ ಯುವಕ ಫಿರ್ಯಾದಿ ಹಿಡಿದು ನಿಂತಿದ್ದ. ಇಸ್ತ್ರಿ ಮುರಿಯದ ಅಂಗಿ, ಕೊರಳಲ್ಲಿ 'ಮೇಘಸೇತು' ಕಂಪನಿಯ ಗುರುತಿನ ಚೀಟಿ. ಅವನ ಹಿಂದೆ ಬೆಂಚಿನ ತುದಿಗೆ ಹಳ್ಳದ ವಸ್ತಿಯ ಆರೋಗ್ಯ ಉಪಕೇಂದ್ರದ ನರ್ಸ್ ಮಾಲಾ ಕೂತಿದ್ದಳು.

"ಏನ್ ಹೋಗೇತ್ರಿ?" ಪಿಎಸ್‌ಐ ಜೀನತ ಮುಲ್ಲಾ ಕೇಳಿದಳು.

"ಡಿಶ್ ರೀ ಮೇಡಂ. ಸ್ಯಾಟಲೈಟ್ ಇಂಟರ್ನೆಟ್ಟಿನ ಡಿಶ್. ಆರೋಗ್ಯ ಕೇಂದ್ರದ ಮಾಳಿಗಿ ಮ್ಯಾಲಿಂದು."

"ಯಾವಾಗ?"

"ಶನಿವಾರ ಸಂಜಿಮಟ ಇತ್ತರಿ. ಇವತ್ತ ಮುಂಜಾನೆ ಸಿಸ್ಟರ್ ನೋಡಿದ್ರ ಇಲ್ಲ."

ಜೀನತ ಮಾಲಾಳತ್ತ ನೋಡಿದಳು. ಮಾಲಾ ಹೌದೆಂದು ಗೋಣು ಹಾಕಿ ಬೇರೆ ಕಡೆ ನೋಡಿದಳು. ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರ ಅಡಿ ಎಫ್‌ಐಆರ್ ದಾಖಲಾಯಿತು.

ಹಳ್ಳದ ವಸ್ತಿ ಎಂದರೆ ತಿಕೋಟಾಕ್ಕೂ ಬಬಲೇಶ್ವರಕ್ಕೂ ನಡುವಿನ ತಗ್ಗಿನಲ್ಲಿರುವ ಮೂವತ್ತು ಮನೆ. ಅಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಫೋನು ಹಚ್ಚಬೇಕೆಂದರೆ ಒಂದು ಮೈಲು ನಡೆದು ದಿಬ್ಬ ಹತ್ತಬೇಕು. ಹೋದ ವರ್ಷ ಮೇಘಸೇತು ಕಂಪನಿಯವರು ಬಂದು, ಉಪಕೇಂದ್ರದ ಮುಂದೆ ದೊಡ್ಡ ಪರದೆ ಕಟ್ಟಿ, ತಮ್ಮ ಉಪಗ್ರಹ ಹೊತ್ತ ರಾಕೆಟ್ ಹಾರುವುದನ್ನು ತೋರಿಸಿದ್ದರು. ಬೆಂಕಿ ಉಗುಳುತ್ತ ಅದು ಮೇಲೇರಿದಾಗ ಮುದುಕಿಯರು ಕೈಮುಗಿದರು, ಹುಡುಗರು ಸಿಳ್ಳೆ ಹಾಕಿದರು. ಕಟ್ಟಕಡೆಯ ಮನೆಗೂ ಆಕಾಶದಿಂದ ಇಂಟರ್ನೆಟ್ ಎಂದು ಭಾಷಣ ಆಯಿತು, ಫೋಟೋ ಆಯಿತು, ಎಲ್ಲರಿಗೂ ಬುಂದಿ ಹಂಚಿದರು. ಒಂದು ಮಾತು ಮಾತ್ರ ಸುಳ್ಳಾಗಲಿಲ್ಲ. ಆ ಡಿಶ್ ಬಂದ ಮೇಲೆ ಮಾಲಾ ಬಸುರಿಯರ ರಕ್ತದೊತ್ತಡ ನೋಡಿ, ವಿಜಯಪುರದ ಡಾಕ್ಟರಮ್ಮನನ್ನು ಫೋನಿನ ಪರದೆಯಲ್ಲಿ ಎದುರಿಗೆ ಕೂರಿಸಿ ಮಾತಾಡಿಸುತ್ತಿದ್ದಳು.

ಮಧ್ಯಾಹ್ನ ಸ್ಥಳ ಪಂಚನಾಮೆ. ಮಾಳಿಗೆ ಹತ್ತಿದ ಹೆಡ್ ಕಾನ್‌ಸ್ಟೆಬಲ್ ಭಾಗಪ್ಪ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಮೂವತ್ತು ವರ್ಷದ ನೌಕರಿಯಲ್ಲಿ ಅವನು ಇಂಥ ಕಳವು ಕಂಡಿರಲಿಲ್ಲ. ಡಿಶ್ ಇರಲಿಲ್ಲ, ಆದರೆ ಅದನ್ನು ಕೂರಿಸಿದ್ದ ಕಬ್ಬಿಣದ ಸ್ಟ್ಯಾಂಡಿನಲ್ಲಿ ನಾಲ್ಕೂ ಬೋಲ್ಟು ತಂತಮ್ಮ ತೂತಿನಲ್ಲಿದ್ದವು. ಅವಕ್ಕೆ ವಾಶರ್ ಹಾಕಿ, ಎಣ್ಣೆ ಸವರಿ, ನಟ್ಟು ಬಿಗಿಯಲಾಗಿತ್ತು. ಗೋಡೆಯಿಂದ ಬಂದ ವೈರಿನ ತುದಿಗೆ ಪ್ಲಾಸ್ಟಿಕ್ ಸುತ್ತಿ ದಾರ ಕಟ್ಟಿತ್ತು.

"ಇವ ಎಂಥಾ ಕಳ್ಳರಿ ಮೇಡಮ್ಮರ? ಮಾಲು ಒಯ್ದು ನಟ್ಟು ತಿರುಗಿ ಹಾಕ್ಯಾನ!"

ಪಂಚನಾಗಿ ಬಂದಿದ್ದ ಚಹಾದಂಗಡಿಯ ದಾದಾಸಾಬ ಬಗ್ಗಿ ನೋಡಿದ. "ಇದು ಬೋರಿನ ಮೋಟರ್ ಎತ್ತಾವ್ರ ಕೆಲಸ ನೋಡ್ರಿ. ಬಿಚ್ಚಿದ ಕೂಡಲೇ ನಟ್ಟು ಅಲ್ಲೇ ಹಾಕಿ ಇಡ್ತಾರ. ರಿಪೇರಿ ಮಾಡಿಸಿ ತಿರುಗಿ ಇಳಸೂದಿರತೈತಲ್ರಿ, ಕಳೀಬಾರದಂತ."

ಜೀನತಳಿಗೆ ಖುಷಿಯಾಯಿತು. ಮೋಟರಿನವನು! ಅರ್ಧ ಕೇಸು ಅಲ್ಲೇ ಬಿಚ್ಚಿಕೊಂಡಿತೆಂದು ಅವಳು ತಿಳಿದಳು. ದಾದಾಸಾಬ ಹೇಳಿದ್ದರಲ್ಲಿ ಅವಳ ಕಿವಿಗೆ ಬಿದ್ದದ್ದೂ ಅರ್ಧವೇ. ಮೋಟರ್ ಎಂಬುದು ಬಿತ್ತು, ತಿರುಗಿ ಇಳಿಸುವುದು ಎಂಬುದು ಬೀಳಲಿಲ್ಲ. ಪೊಲೀಸರ ಕಿವಿಯೇ ಹಾಗೆ, ತನಗೆ ಬೇಕಾದದ್ದನ್ನು ಮೊದಲು ಆರಿಸಿಕೊಳ್ಳುತ್ತದೆ.

"ಮೇಡಂ, ಡಿಶ್ ಬ್ಲಾಕ್ ಮಾಡಸ್ಲೇನ್ರಿ?" ನದೀಮ ಕೇಳಿದ. "ನೀವೊಂದು ಮೇಲ್ ಹಾಕಿದ್ರ ಸಾಕು. ಯಾರ ಕೈಯಾಗಿದ್ರೂ ನಡ್ಯಾಂಗಿಲ್ಲ. ಚಾಲೂ ಮಾಡಿದ್ರ ಜಾಗಾ ಮಾತ್ರ ನಮಗ ತಿಳೀತೈತಿ."

ಕಳುವಾದ ಮೊಬೈಲಿಗೆ ದಿನವೂ ಮಾಡುವ ಕೆಲಸವದು. "ಮಾಡಸ್ರಿ."

ಮಾಲಾ ಒಮ್ಮೆಲೇ ಮುಂದೆ ಬಂದಳು. "ಒಂದೆರಡ ದಿನ ನೋಡಿ ಮಾಡಿದ್ರ ಆಗೂದಿಲ್ಲೇನ್ರಿ ಮೇಡಂ?"

"ಯಾಕ?"

ಮಾಲಾ ಸೆರಗಿನ ಅಂಚು ತಿರುವಿದಳು. "ಏನಿಲ್ರಿ. ಹಂಗ ಅಂದೆ."

ಅಂದೇ ಸಂಜೆ ಐದಕ್ಕೆ ಠಾಣೆಯಿಂದ ಮೇಲ್ ಹೋಯಿತು.

ಮಂಗಳವಾರ ಇಡೀ ದಿನ ಭಾಗಪ್ಪನ ಜೊತೆ ಜೀನತ ತಿಕೋಟಾ, ಬಬಲೇಶ್ವರಗಳ ಮೋಟರ್ ವೈಂಡಿಂಗ್ ಅಂಗಡಿಗಳನ್ನು ಸುತ್ತಿದಳು. ಎಲ್ಲ ಕಡೆಯೂ ಒಂದೇ ಉತ್ತರ: ನಟ್ಟು ಎಲ್ಲಾರೂ ತಿರುಗಿ ಹಾಕತೇವ್ರಿ, ಅದರಾಗೇನೈತಿ? ಹಸಿವು, ಬಿಸಿಲು, ಮೇಲೆ ಭಾಗಪ್ಪನ ಮಂಡಿನೋವಿನ ಕತೆ. ಕೊನೆಗೆ ಬಬಲೇಶ್ವರದ ಹೊರಗೆ ದ್ರಾಕ್ಷಿ ಸಾವ್ಕಾರನೊಬ್ಬನ ಒಣದ್ರಾಕ್ಷಿ ಶೆಡ್ಡಿನ ನೆರಳಿಗೆ ನಿಂತಾಗ ಅವಳ ಕಣ್ಣು ಪಕ್ಕದ ತೋಟದ ಮನೆಯ ಮೇಲೆ ಹೋಯಿತು. ಮಹಡಿಯ ಮೇಲೆ ಹೊಸದಾಗಿ ಬಣ್ಣ ಬಳಿದ ಕಬ್ಬಿಣದ ಸ್ಟ್ಯಾಂಡು. ನಾಲ್ಕು ತೂತು, ಮೇಲೆ ಏನೂ ಇಲ್ಲ.

"ಅದೇನ್ರಿ ಸಾವ್ಕಾರ್ರ?"

"ಆಕಾಶದ ಇಂಟರ್ನೆಟ್ಟಿಂದು ರೀ. ಸೋಮವಾರ ಹಚ್ಚತೇವಿ ಅಂದಿದ್ರು. ಹಳ್ಳದ ವಸ್ತ್ಯಾಗ ಒಂದ ಐತಂತ, ಅದನ್ನ ಬಿಚ್ಚಿ ತರತೇವಿ ಅಂದ್ರು. ದುಬೈ ಪಾರ್ಟಿಗೆ ಶೆಡ್ಡಿನ ಮಾಲು ಕೂತಲ್ಲೇ ತೋರಿಸಬೇಕರಿ. ಈಗ ನೋಡಿದ್ರ ಕಳುವಾಗೇತಿ ಅಂತಾರ."

ಜೀನತ ನಿಂತಲ್ಲಿಂದಲೇ ನದೀಮನಿಗೆ ಫೋನು ಹಚ್ಚಿದಳು. "ಬಿಚ್ಚಾವ್ರಿದ್ರಿ ಅಂತ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ ಮೇಡಂ. ವಸ್ತ್ಯಾಗ ಬರೇ ಟ್ರಯಲ್ ಇತ್ತರಿ. ಮುಗೀತು."

ಬುಧವಾರ ಮಧ್ಯಾಹ್ನ ಮೂರಕ್ಕೆ ಮಾಲಾಳನ್ನು ಠಾಣೆಗೆ ಕರೆಸಲಾಯಿತು. ಉಪಕೇಂದ್ರಕ್ಕೆ ಕೀಲಿ ಹಾಕಿ ಬಸ್ಸು ಹಿಡಿದು ಬಂದಿದ್ದಳು. ಎರಡು ಸಲ ಗಡಿಯಾರ ನೋಡಿದಳು.

"ಡಿಶ್ ತಗೀತಾರ ಅಂತ ನಿಮಗ ಗೊತ್ತಿತ್ತು?"

"ಇತ್ತರಿ."

"ಯಾರಿಗೆ ಹೇಳಿದ್ರಿ?"

ಮಾಲಾ ಮೂರನೇ ಸಲ ಗಡಿಯಾರ ನೋಡಿದಳು.

"ಯಾರಿಗೆ ಹೇಳಿದ್ರಿ ಸಿಸ್ಟರ್?"

"ಬಸುರಿ ಹೆಣ್ಮಕ್ಕಳಿಗೆ ಹೇಳಬೇಕಲ್ರಿ. ಮೂರು ಮಂದಿ ಅದಾರ. ಸೋಮವಾರದಿಂದ ಡಾಕ್ಟರಮ್ಮ ಕಾಣೂದಿಲ್ಲ, ಹುಷಾರಿರ್ರಿ ಅಂದೆ."

"ಅವರ ಗಂಡಂದಿರೊಳಗ ಮೋಟರ್ ಕೆಲಸ ಮಾಡಾವ ಯಾರು?"

ಮಾಲಾಳ ಕಣ್ಣು ತುಂಬಿ ಬಂತು. "ರಾಜರತ್ನ ರೀ. ಸುಮಂಗಲಾನ ಗಂಡ. ಮೇಡಂ, ಆಕಿಗೆ ಬಿ.ಪಿ. ಭಾಳ ಐತಿ. ಹೋದ ಸಲ ಇಂಥಾದ್ರಾಗೇ ಕೂಸು ಹೋತು. ಇಪ್ಪತ್ತನೇ ತಾರೀಖಿಗೆ ದವಾಖಾನಿಗೆ ಸೇರಸೂದಿತ್ತು. ನಾ ಇವತ್ತ ನಾಕಕ್ಕ ಆಕಿನ್ನ ನೋಡಬೇಕಿತ್ತರಿ, ಬೇಗ ಬಿಡ್ರಿ."

ಅಷ್ಟರಲ್ಲಿ ನದೀಮನ ಫೋನು. ದನಿಯಲ್ಲಿ ಗೆದ್ದವನ ಉಮೇದು. "ಮೇಡಂ, ಸಿಕ್ಕಾನ! ಡಿಶ್ ಚಾಲೂ ಮಾಡಾಕತ್ಯಾನ. ಹಚ್ಚತಾನ, ಆರಸತಾನ, ಮತ್ತ ಹಚ್ಚತಾನ. ಹಳ್ಳದ ವಸ್ತ್ಯಾಗೇ ಅದಾನ್ರಿ."

"ಎಂಥಾ ಹುಚ್ಚ ಕಳ್ಳ ಇವ!" ಜೀನತ ನಕ್ಕಳು. ಭಾಗಪ್ಪನೂ ನಕ್ಕ. ಹೇಳಿಕೆ ಬರೆಯುತ್ತಿದ್ದ ಕಾನ್‌ಸ್ಟೆಬಲ್ ಕೂಡ ಪೆನ್ನು ಕೆಳಗಿಟ್ಟು ನಕ್ಕ. ಮಾಲಾ ಮಾತ್ರ ಎದ್ದು ನಿಂತಿದ್ದಳು. ಹಗಲಲ್ಲಿ, ಮಂದಿ ಓಡಾಡುವ ಹೊತ್ತಿನಲ್ಲಿ, ಕದ್ದವನು ಅದನ್ನು ಹೊರಗೆ ತೆಗೆದಿದ್ದಾನೆಂದರೆ ಏನಾಗಿರಬೇಕೆಂದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಹೊಳೆದಿತ್ತು. "ಗಾಡಿ ತಗೀರಿ ಮೇಡಂ," ಎಂದಳು. "ಲಗೂ ತಗೀರಿ."

ಜೀಪು ಹಳ್ಳದ ವಸ್ತಿಗೆ ಇಳಿಯುವ ಹೊತ್ತಿಗೆ ಎದುರಿನಿಂದ 108 ಆಂಬ್ಯುಲೆನ್ಸ್ ಧೂಳೆಬ್ಬಿಸುತ್ತ ಹತ್ತಿ ಹೋಯಿತು. ಜೀಪಿನ ಚಾಲಕ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ರಾಜರತ್ನನ ಮನೆಯ ಹೊಸ್ತಿಲಲ್ಲಿ ಅವನ ತಾಯಿ ಸೋನಾಬಾಯಿ ಕೂತಿದ್ದಳು. ಒಳಗೆ ಬುದ್ಧನ ಫೋಟೋದ ಕೆಳಗೆ ಹಾಸಿಗೆ ಚೆಲ್ಲಾಪಿಲ್ಲಿಯಾಗಿತ್ತು. ಮಾಳಿಗೆಯ ಮೇಲೆ, ಬೋರಲು ಹಾಕಿದ ಬುಟ್ಟಿಯ ಮೇಲೆ ಆ ಬಿಳಿ ಡಿಶ್ ಆಕಾಶ ನೋಡುತ್ತಿತ್ತು. ವೈರು ಇನ್ನೂ ಪ್ಲಗ್ಗಿನಲ್ಲಿತ್ತು, ಸಣ್ಣದೊಂದು ಕೆಂಪು ದೀಪ ಉರಿಯುತ್ತಿತ್ತು. ಜೋಳದ ಕಣಿಕೆಯ ಚೂರುಗಳು ಅದಕ್ಕೆ ಅಂಟಿದ್ದವು.

"ಯಾರ ಇದನ್ನ ತಂದಾವ್ರು?"

"ನನ್ನ ಮಗ ತಂದಾನ," ಎಂದಳು ಸೋನಾಬಾಯಿ. "ಬಣವ್ಯಾಗ ಇಟ್ಟಿದ್ದ. ಸೊಸಿಗೆ ಫಿಟ್ಸ ಬಂತು ಬೇ. ಸಿಸ್ಟರ್ ಕಡೆ ಓಡಿದ, ಕೀಲಿ ಇತ್ತು. ಇದನ್ನ ಹಚ್ಚಿದ, ಹತ್ತಲಿಲ್ಲ. ಆಮ್ಯಾಲೆ ದಿಬ್ಬಕ್ಕ ಓಡಿ ಫೋನ್ ಮಾಡಿದ. ಈಗ ಒಯ್ದ್ರು."

ಮಾಲಾ ಹೋಗಿ ಸೋನಾಬಾಯಿಯ ಪಕ್ಕಕ್ಕೆ ಕೂತಳು. ಜಪ್ತಿ ಪಂಚನಾಮೆ ಆಗಬೇಕಿತ್ತು, ಆಯಿತು. ಬಿಳಿ ಡಿಶ್ ಒಂದು, ವೈರು ಒಂದು, ಸುಸ್ಥಿತಿಯಲ್ಲಿದೆ, ಒಂದು ಗೀರೂ ಇಲ್ಲ. ಹೇಳಿ ಬರೆಸುವಾಗ ಜೀನತಳಿಗೆ ತನ್ನ ನಗು ನೆನಪಾಗಿ ನಾಚಿಕೆಯಾಯಿತು.

ಗುರುವಾರ ಬೆಳಿಗ್ಗೆ ವಿಜಯಪುರದ ಆಸ್ಪತ್ರೆಯ ವರಾಂಡದಲ್ಲಿ ರಾಜರತ್ನ ಸಿಕ್ಕ. ಓಡಲಿಲ್ಲ, ಅಡಗಲಿಲ್ಲ. ಸಣಕಲು ಮೈ, ಉಗುರಿನ ಸಂದಿಯಲ್ಲಿ ಗ್ರೀಸು. ತೊಡೆಯ ಮೇಲೆ ಹಳೇ ಸೀರೆಯಲ್ಲಿ ಸುತ್ತಿದ ಒಂದು ಗಂಟು. ಸುಮಂಗಲಾ ಒಳಗೆ ಎಚ್ಚರವಿಲ್ಲದೆ ಮಲಗಿದ್ದಳು, ಉಳಿಯುತ್ತಾಳೆಂದು ಡಾಕ್ಟರಮ್ಮ ಹೇಳಿದ್ದರು. ಕೂಸು ಉಳಿದಿರಲಿಲ್ಲ.

"ನೀನ ರಾಜರತ್ನ ಏನು?"

"ಹೌದ್ರಿ. ಡಿಶ್ ನಾನ ತಗದೇನಿ." ಅವನು ಗಂಟನ್ನು ಇನ್ನಷ್ಟು ಎದೆಗೊತ್ತಿಕೊಂಡ. "ಇದನ್ನ ಮಣ್ಣ ಮಾಡಿ ಬರ್ತೇನ್ರಿ. ಆಮ್ಯಾಲೆ ಎಲ್ಲಿಗ್ಯರ ನಡೀರಿ."

ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧ, ನೋಟಿಸು ಕೊಟ್ಟು ಬಿಡಬಹುದಿತ್ತು. ಜೀನತ ಹೊರಗೆ ಹೋಗಿ ಮೇಲಧಿಕಾರಿಗೆ ಫೋನು ಮಾಡಿ ಹಾಗೆಂದು ಕೇಳಿದಳು. ಕಂಪನಿಯ ದೊಡ್ಡವರು ಬೆಂಗಳೂರಿನಿಂದ ಎರಡು ಸಲ ವಿಚಾರಿಸಿದ್ದಾರೆ, ನಾಳೆ ಪೇಪರಿನಲ್ಲಿ ಬರಬೇಕು, ದಸ್ತಗಿರಿ ತೋರಿಸಿ ಎಂದು ಉತ್ತರ ಬಂತು. ಎದುರು ಮಾತಾಡುವ ಧೈರ್ಯ ಅವಳಿಗೆ ಅವತ್ತು ಬರಲಿಲ್ಲ. ಅದರ ಸಿಟ್ಟು ಅವಳಿಗೆ ಮೇಲಿನವರಿಗಿಂತ ತನ್ನ ಮೇಲೇ ಹೆಚ್ಚಿತ್ತು.

ಜೀಪಿನಲ್ಲೇ ಅವನನ್ನು ವಸ್ತಿಗೆ ಕರೆದೊಯ್ದರು. ಭಾಗಪ್ಪ ಬೂಟು ಕಳಚಿಟ್ಟು ತಾನೇ ಸಲಿಕೆ ಹಿಡಿದು ಹೊಲದ ಬದುವಿನಲ್ಲಿ ಕುಣಿ ತೋಡಿದ. ಮಣ್ಣು ಎಳೆದು ಮುಗಿದ ಮೇಲೆ ರಾಜರತ್ನ ಬೋರಿನ ಹೊಂಡದಲ್ಲಿ ಕೈ ತೊಳೆದು, ಒರೆಸಿಕೊಂಡು, ತಾನಾಗಿ ಬಂದು ಜೀಪು ಹತ್ತಿದ. ಮಾರ್ಚ್ 12ರ ಮಧ್ಯಾಹ್ನ ಒಂದಕ್ಕೆ ದಸ್ತಗಿರಿ ಎಂದು ದಾಖಲೆಯಲ್ಲಿದೆ.

ಠಾಣೆಯಲ್ಲಿ ಅವನ ಹೇಳಿಕೆ ಜೀನತಳೇ ಬರೆದುಕೊಂಡಳು.

"ಯಾಕ ತಗದಿ?"

"ಇಪ್ಪತ್ತನೇ ತಾರೀಖಿನ ಮಟ ಬೇಕಾಗಿತ್ತರಿ. ಹೆರಿಗಿ ಆದ ಮ್ಯಾಲೆ ತಿರುಗಿ ಹಚ್ಚತಿದ್ದೆ. ನಟ್ಟು ಅಲ್ಲೇ ಹಾಕಿದ್ದೆನಲ್ರಿ."

"ನಡೀತೈತೋ ಇಲ್ಲೋ ಮೊದಲ ನೋಡಬೇಕೋ ಬ್ಯಾಡೋ?"

"ಅದೂ ಮೋಟರಿನಂಗ ಅಂತ ತಿಳಕೊಂಡಿದ್ದೆ ಮೇಡಂ. ಮೋಟರ್ ಛಲೋ ಇದ್ರ, ಯಾರ ಹೊಲದಾಗ ಇಳಿಸಿ ಕರೆಂಟ್ ಕೊಟ್ಟರೂ ನೀರ ಎತ್ತತೈತಿ. ಇದೂ ಹಂಗ ಅಂದೆ. ಮ್ಯಾಲಿನವ್ರು ಒಲ್ಲೆ ಅಂದ್ರ ಇದು ಬರೇ ತಗಡು ಅಂತ ಗೊತ್ತಿರಲಿಲ್ಲ." ಅವನು ಉಗುರಿನ ಸಂದಿಯ ಗ್ರೀಸು ಕೆರೆದ. "ಹಚ್ಚಿದೆ, ಆರಿಸಿದೆ, ವೈರ್ ಬಿಚ್ಚಿ ಮತ್ತ ಹಾಕಿದೆ. ಅರ್ಧ ತಾಸು ಅದರ ಜೋಡಿನ ಬಡದಾಡಿದೆ. ಅದನ್ನ ಒಗದು ಮೊದಲ ದಿಬ್ಬಕ್ಕ ಓಡಿದ್ರ ಕೂಸು ಉಳೀತಿತ್ತೇನ್ರಿ?"

ಜೀನತ ಆ ಪ್ರಶ್ನೆಯನ್ನು ಬರೆದುಕೊಳ್ಳಲಿಲ್ಲ. ಸೋಮವಾರ ಸಂಜೆ ಮೇಲ್ ಕಳಿಸಿದವಳು ತಾನು, ಬುಧವಾರ ಮಧ್ಯಾಹ್ನ ನರ್ಸನ್ನು ಇಲ್ಲಿ ಕೂರಿಸಿಕೊಂಡವಳು ತಾನು ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅವನು ಬಯ್ಯುತ್ತಿರಲಿಲ್ಲವೇನೋ. ಅದೇ ಅವಳಿಗೆ ತಡೆಯದಾಯಿತು. ಎದ್ದು ಹೋಗಿ ನಳದ ಕೆಳಗೆ ಮುಖ ತೊಳೆದು ಬಂದಳು. ದೋಷಾರೋಪ ಪಟ್ಟಿಯಲ್ಲಿ ಕೃತ್ಯದ ಕಾರಣ ಬರೆಯುವಾಗ, ಹೆಂಡತಿಯ ಹೆರಿಗೆಯವರೆಗೆ ವೈದ್ಯರ ಸಂಪರ್ಕ ಉಳಿಸಿಕೊಳ್ಳುವ ಉದ್ದೇಶದಿಂದ ಎಂದು ಬರೆದಳು. ಭಾಗಪ್ಪ ಅದನ್ನು ಓದಿ, ಇಷ್ಟ ಸಾಕಲ್ರಿ ಎಂದು ಮಡಚಿಟ್ಟ.

ನ್ಯಾಯಾಲಯ ಜಾಮೀನು ಕೊಟ್ಟಿತು, ಆದರೆ ಹೊಲವುಳ್ಳ ಇಬ್ಬರು ಜಾಮೀನುದಾರರು ಬೇಕೆಂದಿತು. ರಾಜರತ್ನನ ಪರವಾಗಿ ಪಹಣಿ ಹಿಡಿದು ಬರುವವರು ವಸ್ತಿಯಲ್ಲಿ ಯಾರೂ ಇರಲಿಲ್ಲ. ಕಂಪನಿಯ ಎದುರಿಗೆ ಯಾಕೆ ನಿಲ್ಲಬೇಕೆಂದು ಹೊಲ ಇದ್ದವರೂ ಹಿಂದೆ ಸರಿದರು. ಅವನು ವಿಜಯಪುರದ ಜೈಲಿನಲ್ಲಿಯೇ ಉಳಿದ.

ತಿಂಗಳ ಕೊನೆಗೆ ನದೀಮ ನ್ಯಾಯಾಲಯದ ಆದೇಶ ತಂದು ಮುದ್ದೇಮಾಲಾಗಿ ಠಾಣೆಯಲ್ಲಿದ್ದ ಡಿಶ್ ಬಿಡಿಸಿಕೊಂಡ. ಬ್ಲಾಕ್ ತೆಗೆಸಿಯಾಗಿತ್ತು, ಡಿಶ್ ಅಂದೇ ಬಬಲೇಶ್ವರದ ತೋಟದ ಮನೆಗೆ ಹೋಗಬೇಕಿತ್ತು. ಭಾಗಪ್ಪ ಡಿಶ್ಶಿನ ಜೊತೆ ಒಂದು ಬಟ್ಟೆಯ ಚೀಲವನ್ನೂ ಮೇಜಿನ ಮೇಲಿಟ್ಟ. ಒಳಗೆ ಪಂಚನಾಮೆಯ ದಿನ ಮಾಳಿಗೆಯಿಂದ ತಂದಿದ್ದ ನಾಲ್ಕು ಬೋಲ್ಟು, ನಟ್ಟು ಬಿಗಿದಂತೆಯೇ ಇದ್ದವು.

ನದೀಮ ಡಿಶ್ಶನ್ನು ಹೊರಳಿಸಿ ನೋಡಿದ. "ಛಲೋ ಬಿಚ್ಯಾನ ಬಿಡ್ರಿ, ಎಲ್ಲೂ ಪೆಟ್ಟ ಹತ್ತಿಲ್ಲ. ಮೇಡಂ, ಇಲ್ಲಿ ಇದನ್ನ ಹಚ್ಚಾವ್ರು ಯಾರರ ಸಿಗ್ತಾರೇನ್ರಿ? ವಿಜಯಪುರದಿಂದ ಮೆಕ್ಯಾನಿಕ್ ಬರೂದು ಎರಡ ದಿನ ತಡ ಆಗತೈತಿ. ಹೋದ ವರ್ಷ ವಸ್ತ್ಯಾಗ ಹಚ್ಚುವಾಗ ಲೋಕಲ್ ಒಬ್ಬಾತ ಇದ್ದ. ಹೆಸರ ಗೊತ್ತಿಲ್ಲ, ಕೈ ಮಾತ್ರ ಭಾಳ ಸ್ವಚ್ಛ ಇತ್ತರಿ."

"ಅವನ ರೀ ರಾಜರತ್ನ," ಎಂದ ಭಾಗಪ್ಪ. "ಜೈಲಿನ್ಯಾಗ ಅದಾನ."

ನದೀಮ ಕೈಯ ಗಡಿಯಾರ ನೋಡಿಕೊಂಡು ಕೇಳಿದ, "ಯಾವಾಗ ಬಿಡ್ತಾರ್ರಿ?"

ಜೀನತ ಸಹಿ ಹಾಕುವ ಜಾಗವನ್ನು ಬೆರಳಿನಿಂದ ತೋರಿಸಿದಳು.