ಪೈಲ್ವಾನನ ಚಿಪ್ಪು

ಅಲಿಯಾಳ ಬಲಗೈ ಮೊಣಕೈವರೆಗೂ ನೀರಿನಲ್ಲಿ ಮುಳುಗಿತ್ತು. ಯೂನಿಫಾರ್ಮಿನ ತೋಳನ್ನು ಎಷ್ಟು ಮಡಚಿದರೂ ಅಂಚು ಒದ್ದೆಯಾಗಿಬಿಟ್ಟಿತ್ತು. ಕಿತ್ತಳೆ ಬಣ್ಣದ ಮೀನೊಂದು ಬಂದು ಅವಳ ಬೆರಳನ್ನು ಕುಟುಕಿ ಹೋಯಿತು. ಆದರೂ ಅವಳು ಕೈ ತೆಗೆಯಲಿಲ್ಲ. ಗಾಜಿನ ಮೀನಿನ ಟ್ಯಾಂಕಿನ ಮೂಲೆಯಲ್ಲಿ, ಮರಳಿನ ಮೇಲೆ ಬಿದ್ದಿದ್ದ ಖಾಲಿ ಚಿಪ್ಪುಗಳನ್ನು ಒಂದೊಂದಾಗಿ ಎತ್ತಿಕೊಂಡಳು.

ಹೊರಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುತ್ತಿತ್ತು. ಹಾಶಿಮ್ ಮಾಮೂ ಇನ್ನೂ ಸ್ನಾನದ ಮನೆಯಲ್ಲಿದ್ದರು. ಅಲಿಯಾ ಚಿಪ್ಪುಗಳನ್ನು ಪೆನ್ಸಿಲ್ ಬಾಕ್ಸಿಗೆ ತುಂಬಿ, ಕೈಯನ್ನು ಸ್ಕರ್ಟಿಗೆ ಒರೆಸಿಕೊಂಡು ಓಡಿದಳು.

ಆ ಚಿಪ್ಪುಗಳೊಳಗೆ ಯಾರೂ ಇರಲಿಲ್ಲ. ಸುಮ್ಮನೆ ಬಿದ್ದಿದ್ದವು. ತೆಗೆದುಕೊಂಡರೆ ಮಾಮೂಗೆ ಗೊತ್ತೂ ಆಗುವುದಿಲ್ಲ ಎಂದುಕೊಂಡಳು.

ಇದೆಲ್ಲ ಸುಕನ್ಯಳಿಗಾಗಿ. ಸುಕನ್ಯ ಈ ವರ್ಷವಷ್ಟೇ ಐದನೇ ಕ್ಲಾಸಿಗೆ ಹೊಸದಾಗಿ ಸೇರಿದ್ದಳು. ಕಗ್ಗದಾಸಪುರದಿಂದ ಬರುತ್ತಿದ್ದಳು. ಅವಳು ಏನು ಹೇಳಿದರೂ ಇಡೀ ಕ್ಲಾಸು ಕಿವಿಗೊಟ್ಟು ಕೇಳುತ್ತಿತ್ತು. ಬೆನ್ಸನ್ ಟೌನಿನ ತಮ್ಮ ಮನೆಯಲ್ಲಿ ಸಮುದ್ರದ ನೀರಿದೆ, ಅದರಲ್ಲಿ ಬಸವನಹುಳುಗಳಿವೆ ಎಂದು ಅಲಿಯಾ ಹೇಳಿದಾಗ, ಬೆನ್ಸನ್ ಟೌನಿಗೆ ಸಮುದ್ರ ಯಾವಾಗ ಬಂತು ಎಂದು ಸುಕನ್ಯ ಕೇಳಿದ್ದಳು. ಎಲ್ಲರೂ ನಕ್ಕಿದ್ದರು.

ಅಂದು ಊಟದ ಹೊತ್ತಿಗೆ ಅಲಿಯಾ ಪೆನ್ಸಿಲ್ ಬಾಕ್ಸ್ ತೆರೆದಿಟ್ಟಳು. ಸುಕನ್ಯ ಒಂದು ಚಿಪ್ಪನ್ನೆತ್ತಿ ಮೂಗಿನ ಹತ್ತಿರ ಹಿಡಿದಳು.

"ಹೌದು ಕಣೇ, ಸಮುದ್ರದ ವಾಸನೆನೇ. ನಾವು ಪಾಂಡಿಚೇರಿಗೆ ಹೋದಾಗ ಹಿಂಗೇ ಬರ್ತಿತ್ತು."

ಅಲಿಯಾಳಿಗೆ ಎಷ್ಟು ಖುಷಿಯಾಯಿತೆಂದರೆ, ಕೇಳಿದವರಿಗೆಲ್ಲ ಒಂದೊಂದು ಚಿಪ್ಪು ಕೊಟ್ಟುಬಿಟ್ಟಳು. ಎಲ್ಲಕ್ಕಿಂತ ದೊಡ್ಡದನ್ನು ಸುಕನ್ಯಳಿಗೆ ಕೊಟ್ಟಳು. ಅಂದಿನಿಂದ ಸುಕನ್ಯ ಊಟಕ್ಕೆ ಅವಳ ಪಕ್ಕದಲ್ಲೇ ಕೂರತೊಡಗಿದಳು.

ಟ್ಯಾಂಕು ಅಲಿಯಾಳ ಸೋದರಮಾವ ಹಾಶಿಮ್ ಮಾಮೂದು. ಅವರಿಗೆ ಶಿವಾಜಿನಗರದಲ್ಲಿ ಕನ್ನಡಕದ ಅಂಗಡಿಯಿತ್ತು. ಅಂಗಡಿ ಮುಚ್ಚಿ ಮನೆಗೆ ಬಂದರೆ ಚಹಾ ಕುಡಿಯುವ ಮೊದಲೇ ಟ್ಯಾಂಕಿನ ಮುಂದೆ ಕೂತುಬಿಡುತ್ತಿದ್ದರು. ಭಾನುವಾರ ಬಕೆಟ್ಟಿನಲ್ಲಿ ಉಪ್ಪು ಕದಡಿ ಸಮುದ್ರದ ನೀರು ತಯಾರಿಸುತ್ತಿದ್ದರು. ಅಲಿಯಾಳ ಅಮ್ಮಿ ಮಾತ್ರ, ಈ ಮನೆಯಲ್ಲಿ ಸಾರಿಗಿಂತ ಹೆಚ್ಚು ಉಪ್ಪು ಮೀನಿಗೇ ಹೋಗುತ್ತದೆ ಎಂದು ಗೊಣಗುತ್ತಿದ್ದರು.

ಟ್ಯಾಂಕಿನೊಳಗಿನವರೆಲ್ಲ ಹಂಚಿಕೊಂಡು ತಿನ್ನುವವರು. ಮೀನು ಬಿಟ್ಟ ಚೂರನ್ನು ಸಿಗಡಿ ಹಿಡಿಯುತ್ತಿತ್ತು. ಮರಳಿಗೆ ಬಿದ್ದದ್ದನ್ನು ಸನ್ಯಾಸಿ ಏಡಿಗಳು ಹೆಕ್ಕುತ್ತಿದ್ದವು. ಗಾಜಿನ ಮೇಲೆ ಬೆಳೆಯುವ ಹಸಿರು ಪಾಚಿ ಬಸವನಹುಳುಗಳ ಪಾಲು.

ಬಸವನಹುಳುಗಳಲ್ಲಿ ದೊಡ್ಡದಕ್ಕೆ ಅಲಿಯಾ ಪೈಲ್ವಾನ್ ಎಂದು ಹೆಸರಿಟ್ಟಿದ್ದಳು. ನಿಂಬೆಹಣ್ಣಿನಷ್ಟಿದ್ದ ಅವನು ಗಾಜಿಗೆ ಅಂಟಿಕೊಂಡು ಮೇಲೆ ಹತ್ತುವಾಗ, ಪುಟ್ಟ ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತು. ಒಮ್ಮೊಮ್ಮೆ ಜಾರಿ ಬೆನ್ನಡಿಯಾಗಿ ಬೀಳುತ್ತಿದ್ದ. ಹಾಗೆ ಬಿದ್ದರೆ ಅವನಿಗೆ ತಾನಾಗಿ ಏಳಲು ಬರುತ್ತಿರಲಿಲ್ಲ. ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮೊದಲು ಉದ್ದನೆಯ ಪ್ಲಾಸ್ಟಿಕ್ ಇಕ್ಕಳದಿಂದ ಅವನನ್ನು ನೆಟ್ಟಗೆ ಮಾಡುವುದು ಅಲಿಯಾಳ ಕೆಲಸ. ಮಾಮೂ ಅದನ್ನು ಅವಳಿಗೇ ಬಿಟ್ಟುಕೊಟ್ಟಿದ್ದರು.

ಚಿಪ್ಪು ಹಂಚಿದ ಕೆಲವು ದಿನಗಳ ನಂತರ, ಒಂದು ಸಂಜೆ ಅಲಿಯಾ ಹೋಂವರ್ಕ್ ಮಾಡುತ್ತಾ ತಲೆಯೆತ್ತಿದಳು. ಪೈಲ್ವಾನ್ ಮರಳಿನ ಮೇಲೆ ಓಡುತ್ತಿದ್ದ. ತೆವಳುವುದಲ್ಲ, ನಿಜವಾಗಿ ಓಡುತ್ತಿದ್ದ. ಅವಳಿಗೆ ನಗು ತಡೆಯಲಾಗಲಿಲ್ಲ.

"ಮಾಮೂ, ಬನ್ನಿ ಇಲ್ಲಿ. ಪೈಲ್ವಾನ್ ರೇಸ್ ಓಡ್ತಿದ್ದಾನೆ."

ಮಾಮೂ ಬಂದು ಬಗ್ಗಿ ನೋಡಿದರು. ಅವರು ನಗಲಿಲ್ಲ. ಚಿಪ್ಪು ಒಂದು ಕಲ್ಲಿನ ಹತ್ತಿರ ನಿಂತಿತು. ಅದರ ಬಾಯಿಂದ ಕೆಂಪು ಕಾಲುಗಳು ಹೊರಬಂದವು. ಆಮೇಲೆ ಕಡ್ಡಿಯಂಥ ಎರಡು ಕಣ್ಣುಗಳು. ಅದು ಪೈಲ್ವಾನ್ ಅಲ್ಲ, ಏಡಿ. ಅದರ ಹಳೆಯ ಚಿಕ್ಕ ಚಿಪ್ಪು ಕಲ್ಲಿನ ಹಿಂದೆ ಖಾಲಿ ಬಿದ್ದಿತ್ತು.

ಮಾಮೂ ಇಕ್ಕಳ ಹಾಕಿ ಮರಳಿನಿಂದ ಏನನ್ನೋ ಎತ್ತಿ ಅವಳ ಅಂಗೈಗೆ ಹಾಕಿದರು. ಬೆಳ್ಳಗೆ, ದುಂಡಗೆ, ಕೋಟಿನ ಗುಂಡಿಯಂತಿತ್ತು. ಬಸವನಹುಳು ಒಳಗೆ ಸೇರಿಕೊಂಡಾಗ ಮುಚ್ಚಿಕೊಳ್ಳುವ ಬಾಗಿಲು ಅದು ಎಂದರು. ಪೈಲ್ವಾನನದ್ದು ಅಷ್ಟೇ ಉಳಿದಿತ್ತು.

ಏಡಿ ಅವನನ್ನು ತಿಂದುಬಿಟ್ಟಿತಾ ಎಂದು ಅಲಿಯಾ ಕೇಳಿದಳು. ಮಾಮೂ ಹೌದೆಂದು ತಲೆಯಾಡಿಸಿದರು, ಆದರೆ ಅದಕ್ಕೆ ಬೇಕಾಗಿದ್ದು ಚಿಪ್ಪು ಎಂದರು. ಸನ್ಯಾಸಿ ಏಡಿಗೆ ತನ್ನದೇ ಚಿಪ್ಪಿಲ್ಲ, ಅದರ ಹಿಂಭಾಗ ಬಲು ಮೆತ್ತಗೆ. ಬೆಳೆದಂತೆಲ್ಲ ಇನ್ನೂ ದೊಡ್ಡ ಚಿಪ್ಪು ಹುಡುಕಿಕೊಳ್ಳಲೇಬೇಕು. ಸಿಗದಿದ್ದರೆ ಬಸವನಹುಳುವಿನದನ್ನೇ ಕಿತ್ತುಕೊಳ್ಳುತ್ತದೆ.

"ಆದ್ರೆ ಮೂಲೇಲಿ ಬೇಕಾದಷ್ಟು ಖಾಲಿ ಚಿಪ್ಪು ಇಟ್ಟಿದ್ನಲ್ಲ," ಎನ್ನುತ್ತಾ ಅವರು ಮರಳನ್ನು ಕೆದಕತೊಡಗಿದರು. ಮರಳಿನಲ್ಲಿ ಹೂತಿರಬಹುದೆಂದು ಕಲ್ಲುಗಳ ಸಂದಿಯಲ್ಲೂ ಹುಡುಕಿದರು. ನೀರು ಕದಡಿ ಮಂಜಾಯಿತು.

ಅಲಿಯಾ ಬಿಳಿ ಗುಂಡಿಯನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಮಾಮೂ ಹುಡುಕುವುದನ್ನು ಇನ್ನು ನೋಡಲಾಗಲಿಲ್ಲ.

"ಅಲ್ಲಿಲ್ಲ ಮಾಮೂ. ನಾನೇ ತಗೊಂಡೆ. ಸ್ಕೂಲಲ್ಲಿ ಎಲ್ರಿಗೂ ಕೊಟ್ಬಿಟ್ಟೆ."

ಮಾಮೂ ನೀರಿನಿಂದ ಕೈ ತೆಗೆದರು. ಟವಲ್ಲಿನಿಂದ ಬೆರಳುಗಳನ್ನು ನಿಧಾನವಾಗಿ ಒರೆಸಿಕೊಂಡರು.

"ಅವು ಅಂದಕ್ಕೆ ಇಟ್ಟಿದ್ದಲ್ಲ ಬೇಟಾ. ನಾನು ನಿಂಗೆ ಹೇಳ್ಬೇಕಿತ್ತು."

ಅವರು ಬೈದಿದ್ದರೆ ಅಲಿಯಾ ಅತ್ತುಬಿಡುತ್ತಿದ್ದಳು. ಬೈಯಲಿಲ್ಲವಾದ್ದರಿಂದ ಅಳಲೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಅಭ್ಯಾಸದಂತೆ ಇಕ್ಕಳ ಕೈಗೆತ್ತಿಕೊಂಡಳು. ಆಮೇಲೆ ನೆನಪಾಗಿ ಮತ್ತೆ ಮೊಳೆಗೆ ನೇತುಹಾಕಿದಳು.

ಟ್ಯಾಂಕಿನಲ್ಲಿ ಇನ್ನೊಂದು ಏಡಿಯಿತ್ತು. ಅದೂ ಬೆಳೆಯುತ್ತಿತ್ತು. ಉಳಿದ ಬಸವನಹುಳುಗಳು ಏನೂ ಗೊತ್ತಿಲ್ಲದಂತೆ ಗಾಜು ಹತ್ತುತ್ತಿದ್ದವು. ಟ್ಯಾಂಕಿನ ಸಾಮಾನು ಮಾರುವ ಅಂಗಡಿಯವರು ಚಿಪ್ಪು ತರಿಸಿಕೊಡಲು ದಿನ ಹಿಡಿಯುತ್ತದೆ ಎಂದಿದ್ದರು. ಅದಕ್ಕೇ ಅಲಿಯಾ ಸ್ಕೂಲಿನಲ್ಲಿ ಎಲ್ಲರ ಹತ್ತಿರ ಹೋಗಿ ಚಿಪ್ಪು ವಾಪಸ್ ಕೇಳಿದಳು. ಮಾರಿಯಾ ತನ್ನದಕ್ಕೆ ಗುಲಾಬಿ ನೇಲ್ ಪಾಲಿಶ್ ಹಚ್ಚಿಬಿಟ್ಟಿದ್ದಳು. ಬಣ್ಣ ಹಚ್ಚಿದ್ದು ನೀರಿಗೆ ಆಗುವುದಿಲ್ಲ. ಇನ್ನೊಬ್ಬಳದು ಪ್ರಾಜೆಕ್ಟ್ ಚಾರ್ಟಿಗೆ ಗಟ್ಟಿಯಾಗಿ ಅಂಟಿತ್ತು. ಹುಡುಗರು ಆಟದಲ್ಲಿ ತಮ್ಮವನ್ನು ಕಳೆದುಕೊಂಡಿದ್ದರು.

ಉಳಿದದ್ದು ಸುಕನ್ಯಳದು.

"ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ?" ಎಂದಳು ಸುಕನ್ಯ.

ಅಲಿಯಾ ನಡೆದದ್ದನ್ನೆಲ್ಲ ಹೇಳಿದಳು. ಮರುದಿನ ಸುಕನ್ಯ ಕರ್ಚೀಫಿನಲ್ಲಿ ಸುತ್ತಿದ ಚಿಪ್ಪನ್ನು ತಂದು ಅಲಿಯಾಳ ಡೆಸ್ಕಿನ ಮೇಲಿಟ್ಟಳು. ಸುಕನ್ಯಳ ಪುಟ್ಟ ತಂಗಿ ಭವ್ಯ ಅದನ್ನು ಕಿವಿಗಿಟ್ಟುಕೊಂಡೇ ಮಲಗುತ್ತಿದ್ದಳಂತೆ. ಇಸಿದುಕೊಂಡಾಗ ತುಂಬಾ ಅತ್ತಳಂತೆ. ಅಷ್ಟು ಹೇಳಿ ಸುಕನ್ಯ ಊಟದ ಡಬ್ಬಿ ಎತ್ತಿಕೊಂಡು ಬೇರೆ ಬೆಂಚಿಗೆ ಹೋದಳು. ಅಲಿಯಾ ತನ್ನ ಡಬ್ಬಿಯ ಮುಚ್ಚಳ ತೆರೆಯಲೇ ಇಲ್ಲ.

ಸಂಜೆ ಚಿಪ್ಪನ್ನು ಚೆನ್ನಾಗಿ ತೊಳೆದು ಮೂಲೆಯಲ್ಲಿಟ್ಟಳು. ಎರಡನೆಯ ಏಡಿ ಬಂದು ಅದನ್ನು ಉರುಳಿಸಿತು, ಒಳಗೆ ಕೊಂಡಿ ಹಾಕಿ ಅಳತೆ ನೋಡಿತು, ಆಮೇಲೆ ಬಿಟ್ಟುಹೋಯಿತು. ಅಲಿಯಾಳ ಮುಖ ಬಾಡಿತು. ಇವತ್ತು ಬೇಡದಿದ್ದರೆ ಬೇಕಾದ ದಿನ ಬರುತ್ತದೆ, ಅಲ್ಲೇ ಇರಲಿ ಎಂದರು ಮಾಮೂ.

ಆ ವಾರ ಅಲಿಯಾ ಧೈರ್ಯ ಮಾಡಿ ಸುಕನ್ಯಳನ್ನು ಮನೆಗೆ ಕರೆದಳು. ತಂಗಿಯನ್ನೂ ಕರೆದುಕೊಂಡು ಬಾ, ಅವಳ ಚಿಪ್ಪು ಎಲ್ಲಿದೆ ಅಂತ ತೋರಿಸುತ್ತೇನೆ ಎಂದಳು. ನೋಡುತ್ತೇನೆ ಎಂದಷ್ಟೇ ಹೇಳಿ ಸುಕನ್ಯ ಬ್ಯಾಗ್ ಎತ್ತಿಕೊಂಡಳು. ಆದರೆ ಭಾನುವಾರ ಅವರಪ್ಪನ ಸ್ಕೂಟರಿನಲ್ಲಿ ಇಬ್ಬರೂ ಬಂದರು.

ಭವ್ಯ ಗಾಜಿಗೆ ಮೂಗೊತ್ತಿ ನಿಂತಳು. ಮೂಲೆಯಲ್ಲಿದ್ದ ತನ್ನ ಚಿಪ್ಪನ್ನು ತಕ್ಷಣ ಗುರುತಿಸಿದಳು. ಅಷ್ಟರಲ್ಲಿ ಕಲ್ಲಿನ ಹಿಂದಿನಿಂದ ಪೈಲ್ವಾನನ ಚಿಪ್ಪು ಹೊರಬಂತು, ಕೆಂಪು ಕಾಲುಗಳ ಮೇಲೆ.

"ಇದೇನಾ ಅಕ್ಕಾ ಬಸವನಹುಳೂನ ಕೊಂದಿದ್ದು?" ಎಂದು ಕೇಳಿದಳು ಭವ್ಯ. "ಕೆಟ್ಟ ಏಡಿ."

ಅಲಿಯಾಳಿಗೂ ಇಷ್ಟು ದಿನ ಹಾಗೆಯೇ ಅನ್ನಿಸಿತ್ತು. ಅದು ಎದುರಿಗೆ ಬಂದರೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಈಗ ಹೌದು ಎನ್ನಲು ಹೋದವಳು ತಡೆದಳು.

"ಕೆಟ್ಟದ್ದಲ್ಲ ಪುಟ್ಟಿ," ಎಂದಳು. "ಅದಕ್ಕೆ ಮನೆ ಬೇಕಿತ್ತು. ಇದ್ದ ಮನೆಗಳನ್ನೆಲ್ಲ ನಾನೇ ತಗೊಂಡ್ಬಿಟ್ಟಿದ್ದೆ."

ಸುಕನ್ಯ ಅವಳ ಮುಖ ನೋಡಿದಳು. ಆಮೇಲೆ ಸದ್ದಿಲ್ಲದೆ ಬಂದು ಅವಳ ಪಕ್ಕದಲ್ಲಿ ನಿಂತಳು.

ಮೂವರ ನೆರಳು ಬಿದ್ದದ್ದಕ್ಕೆ ಏಡಿ ಹೆದರಿ ಕಾಲುಗಳನ್ನು ಒಳಗೆಳೆದುಕೊಂಡಿತು. ಚಿಪ್ಪು ಮರಳಿನ ಮೇಲೆ ಮೆಲ್ಲಗೆ ಕೂತಿತು. ಒಂದು ಗಳಿಗೆ ಅದು ಪೈಲ್ವಾನ್ ಮಲಗಿದ ಹಾಗೇ ಕಾಣಿಸಿತು.

ಅಲಿಯಾ ಭವ್ಯಳ ಕೈ ಹಿಡಿದು, ಅದು ಹೊರಗೆ ಬರಲೆಂದು, ಎರಡು ಹೆಜ್ಜೆ ಹಿಂದೆ ಸರಿದಳು.