ಫೋಟೋ ನೋಡಿ ಕಟ್ಟಿದ ಮನೆ

"ಇದನ್ನೆಲ್ಲ ಕಿತ್ತು ಹಾಕಿ."

ಆರು ವರ್ಷಗಳ ನಂತರ ಪರದೇಶದಿಂದ ಬಂದು, ತಾನೇ ದುಡಿದು ಕಟ್ಟಿಸಿದ ಮನೆಯೊಳಗೆ ಕಾಲಿಟ್ಟು ಅವಳು ಆಡಿದ ಮೊದಲ ಮಾತು ಇದು. ಸೂಟ್‌ಕೇಸ್ ಇನ್ನೂ ಕೈಯಲ್ಲೇ ಇತ್ತು.

ಗೋಡೆಯ ಸ್ಟೀಲ್ ಕಂಬಿಯ ಸಡಿಲ ಸ್ಕ್ರೂ ಬಿಗಿಯುತ್ತಿದ್ದ ಮೇಸ್ತ್ರಿ ತಲೆಯೆತ್ತಿ ನೋಡಿದ. ನೋಡಿದವನು ಹಾಗೇ ಎದ್ದು ನಿಂತ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳಲು ಹೋದ. ಆ ಅಂಗಿಗೆ ಜೇಬೇ ಇರಲಿಲ್ಲ.

"ಯಾವುದನ್ನ, ಮೇಡಂ?"

"ಎಲ್ಲಾನೂ... ಇದು ಮನೆನಾ, ಆಸ್ಪತ್ರೆನಾ?"

ಅವಳ ಸಿಟ್ಟಿಗೆ ಕಾರಣವಿತ್ತು. ಹಾಲ್‌ನ ಎರಡೂ ಗೋಡೆಗೆ ಉದ್ದಕ್ಕೂ ಕಂಬಿ. ಬಚ್ಚಲಲ್ಲಿ ಕಂಬಿ, ಮಡಚುವ ಸೀಟು. ಮಂಚವನ್ನು ಹಾಗೇ ತಳ್ಳಿಕೊಂಡು ಹೋಗುವಷ್ಟು ಅಗಲದ ಬಾಗಿಲುಗಳು. ಎಲ್ಲೂ ಹೊಸ್ತಿಲಿಲ್ಲ, ಗೇಟಿನಿಂದ ಒಳಗೆ ಬರಲು ಮೆಟ್ಟಿಲೂ ಇಲ್ಲ, ಬರೀ ಇಳಿಜಾರು.

ಅವಳ ಕೆಲಸ ಪರದೇಶದ ವೃದ್ಧಾಶ್ರಮವೊಂದರಲ್ಲಿ. ಬೆಳಗ್ಗೆ ಆರಕ್ಕೆ ಶುರುವಾದರೆ ಸಂಜೆಯವರೆಗೂ, ಇಂಥದ್ದೇ ಕಂಬಿಗಳ ಪಕ್ಕದಲ್ಲಿ, ಯಾರದೋ ಅಪ್ಪ ಅಮ್ಮಂದಿರ ರಟ್ಟೆ ಹಿಡಿದು ನಡೆಸುವುದು. ಹಳದಿ ಗೋಡೆ, ಮೂರು ಮೆಟ್ಟಿಲು, ಮೆಟ್ಟಿಲ ಮೇಲೆ ಕೂತು ತಲೆ ಬಾಚಿಕೊಳ್ಳುವುದು... ಆರು ವರ್ಷ ಅವಳು ಕಂಡ ಕನಸು ಅಷ್ಟೇ. ಈಗ ನೋಡಿದರೆ ಕೆಲಸದ ಜಾಗವೇ ಮನೆಗೆ ಬಂದು ಕೂತಿದೆ!

ಒಳಗಿನಿಂದ ಅಮ್ಮ ಕಂಬಿ ಹಿಡಿದುಕೊಂಡು ಬಂದಳು. ಕಣ್ಣಲ್ಲಿ ನೀರು, ಬಾಯಲ್ಲಿ ಜಗಳ.

"ನೀನೇ ಕಳಿಸಿದ್ದಲ್ವೇನೇ ಪುಟ್ಟಿ, ಹೀಗೇ ಬೇಕು ಅಂತ?"

ಮೂವತ್ತೆರಡಾದರೂ ಅಮ್ಮನಿಗೆ ಅವಳು ಪುಟ್ಟಿಯೇ.

"ನಾನ್ಯಾವಾಗ ಕಳಿಸ್ದೆ?"

"ಭಾನುವಾರ ಭಾನುವಾರ ಫೋಟೋ ಕಳಿಸಿ, 'ನೋಡಮ್ಮ, ಎಷ್ಟು ಚೆನ್ನಾಗಿದೆ' ಅಂತಿರ್ಲಿಲ್ವಾ? ನಾನು ಮೇಸ್ತ್ರಿಗೆ ತೋರಿಸ್ದೆ. ಮಗಳಿಗೆ ಹೀಗೆ ಬೇಕಂತೆ, ಹೀಗೇ ಕಟ್ಟಪ್ಪ ಅಂದೆ."

ಪುಟ್ಟಿ ಸೋಫಾದ ಮೇಲೆ ಕುಸಿದು ಕೂತಳು. ತಾನು ಕ್ಷೇಮವಾಗಿದ್ದೇನೆ ಎಂದು ಅಮ್ಮನಿಗೆ ತೋರಿಸಲು ಕಳಿಸಿದ ವೃದ್ಧಾಶ್ರಮದ ಫೋಟೋಗಳು ಅವು. ಎಷ್ಟು ಕೇಳಿದರೂ ಅಮ್ಮ ಮನೆ ತೋರಿಸಿರಲಿಲ್ಲ. ಬಂದೇ ನೋಡು ಅನ್ನುತ್ತಿದ್ದಳು. ಬಂದು ನೋಡಿದ್ದಾಯಿತು.

ಮೇಸ್ತ್ರಿ ಉಪಕರಣಗಳನ್ನು ಚೀಲಕ್ಕೆ ತುಂಬಿಕೊಂಡ. "ನಾಳೆ ಬಂದು ಬಿಚ್ಚಿಕೊಡ್ತೀನಿ ಮೇಡಂ. ತಪ್ಪು ನಂದೇ. ಒಂದು ಮಾತು ನಿಮ್ಮನ್ನೇ ಕೇಳ್ಬೇಕಿತ್ತು."

ಅವನು ಒಂದಿಷ್ಟು ಜಗಳವಾಡಿದ್ದರೂ ಅವಳಿಗೆ ಸಮಾಧಾನವಾಗುತ್ತಿತ್ತು. ಇವನೇನು, ಬೈದರೂ ತಲೆಯಾಡಿಸುತ್ತಾನಲ್ಲ...

ಅಷ್ಟರಲ್ಲಿ ಪಕ್ಕದ ಮನೆ ಆಂಟಿ ಬಂದು ಕೆನ್ನೆ ಸವರಿದರು. "ಯಾವಾಗ ಬಂದೆ ಕಂದ?" ಎಂದರು. ಉತ್ತರ ಮುಗಿಯುವ ಮೊದಲೇ, "ವಾಪಸ್ ಯಾವಾಗ?"

ವಾಪಸ್! ಅದನ್ನೇ ಅವಳು ತೀರ್ಮಾನಿಸಬೇಕಿತ್ತು. ಇನ್ನೂ ಮೂರು ವರ್ಷಕ್ಕೆ ಒಪ್ಪಂದ ಸಿದ್ಧವಿತ್ತು, ಈ ಸಲ ಇಡೀ ವಾರ್ಡಿನ ಜವಾಬ್ದಾರಿ. ನಾಡಿದ್ದು ಸಂಜೆಯೊಳಗೆ ಬರುತ್ತೀನಿ ಅಥವಾ ಇಲ್ಲ ಎಂದು ತಿಳಿಸಬೇಕು. ಸ್ವಂತ ಮನೆ ನೋಡಿದ ಮೇಲೆ ಮನಸ್ಸು ಒಂದು ಕಡೆ ನಿಲ್ಲಬಹುದು ಅಂದುಕೊಂಡಿದ್ದಳು. ಈ ಮನೆಗಾಗಿ ಯಾಕೆ ಉಳಿಯಬೇಕು?

ಮರುದಿನ ಬೆಳಗ್ಗೆ ಮೇಸ್ತ್ರಿ ಹೇಳಿದ ಹೊತ್ತಿಗೆ ಬಂದ. ಆದರೆ ಚೀಲ ಬಿಚ್ಚಲಿಲ್ಲ.

"ತೆಗೆಯೋಕೆ ಮುಂಚೆ ಒಂದು ವಿಷಯ. ನಿಮ್ಮಮ್ಮ ಹೇಳ್ಬೇಡ ಅಂದಿದ್ರು..."

"ಏನು?"

"ಎರಡು ವರ್ಷದ ಹಿಂದೆ ಹಿತ್ತಲಲ್ಲಿ ಬಿದ್ದು ಸೊಂಟ ಮುರ್ಕೊಂಡಿದ್ರು. ನಾಲ್ಕು ತಿಂಗಳು ಮಲಗಿದ್ದಲ್ಲೇ. ಆಮೇಲೆ ಈ ಕಂಬಿ ಹಿಡ್ಕೊಂಡೇ ಮತ್ತೆ ನಡೆಯೋದು ಕಲಿತ್ರು. ನಿಮಗೆ ಹೇಳಿದ್ರೆ ಕೆಲಸ ಬಿಟ್ಟು ಓಡಿ ಬರ್ತೀರಿ ಅಂತ..."

ವಿಡಿಯೋ ಕಾಲ್‌ನಲ್ಲಿ ಅಮ್ಮ ಯಾವಾಗಲೂ ಮಂಚದ ಮೇಲೆ ಕೂತೇ ಇರುತ್ತಿದ್ದಳು. ಕೂತು ನಗುತ್ತಿದ್ದಳು!

ಪುಟ್ಟಿ ಅಡುಗೆಮನೆಯತ್ತ ತಿರುಗಿದಳು. ಅಮ್ಮ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಚಹಾ ಲೋಟ ಹಿಡಿದು, ಯಾರ ಹಂಗೂ ಇಲ್ಲದೆ ಬರುತ್ತಿದ್ದಳು. ಪರರ ಎಷ್ಟೋ ಅಮ್ಮಂದಿರನ್ನು ನಡೆಸಿದ ಮಗಳು ತನ್ನ ಅಮ್ಮ ನಡೆಯುವುದನ್ನು ನೋಡುತ್ತಾ ನಿಂತಳು. ಬೈಯಲು ಬಾಯಿ ತೆರೆದಳು, ಆದರೆ ಅಳು ಬಂತು.

"ತೆಗೀಬೇಡಿ," ಎಂದಳು ಕೊನೆಗೆ. "ಒಂದನ್ನೂ ಮುಟ್ಬೇಡಿ."

"ಹಾಗಾದ್ರೆ ಒಂದರ್ಧ ಗಂಟೆ ಬಿಡುವು ಮಾಡ್ಕೋತೀರಾ? ತೋರಿಸೋದಿದೆ."

ಇಬ್ಬರೂ ಬೀದಿಗಿಳಿದರು. ಮೂರು ಮನೆಗೊಬ್ಬರಂತೆ ಪರದೇಶಕ್ಕೆ ಹೋಗಿರುವ ಬೀದಿ ಅದು. ಕಳಿಸಿದ ಹಣದಲ್ಲಿ ಎದ್ದ ಮನೆಗಳು ಅವಳಿಗೆ ಹೊಸವೇನಲ್ಲ. ಆದರೆ ಈ ಬಾಗಿಲಲ್ಲೂ ಇಳಿಜಾರು, ಆ ಬಾಗಿಲಲ್ಲೂ... ಅಂಚೆ ಕಚೇರಿಯ ಮುಂದೆ, ಔಷಧಿ ಅಂಗಡಿಯ ಮುಂದೆ, ಶಾಲೆಯ ಗೇಟಿನಲ್ಲಿ.

ರಸ್ತೆಬದಿಯ ಅಂಗಡಿಯಲ್ಲಿ ಗಾಲಿಕುರ್ಚಿಯ ಮೇಲೆ ಕೂತು ಒಬ್ಬರು ಮಿಕ್ಸಿ ರಿಪೇರಿ ಮಾಡುತ್ತಿದ್ದರು.

"ಇವರು ಒಂಬತ್ತು ವರ್ಷ ಒಳಗಿನ ರೂಮಿಂದ ಆಚೆ ಬಂದಿರ್ಲಿಲ್ಲ," ಎಂದ ಮೇಸ್ತ್ರಿ. "ಈಗ ಮಾತಾಡಿಸೋಕೆ ಹೋದ್ರೆ ಟೈಮಿಲ್ಲ ಅಂತಾರೆ."

ಬೀದಿಯ ತುದಿಯಲ್ಲಿ ಅವನ ವರ್ಕ್‌ಶಾಪ್. ಗ್ರೈಂಡರ್ ಕಿವಿ ಕಿವುಡಾಗುವಂತೆ ಅರಚುತ್ತಿತ್ತು. ಎಂಟು ಜನ ಕಂಬಿ ಕತ್ತರಿಸುತ್ತಾ, ಬಗ್ಗಿಸುತ್ತಾ, ಬೆಸೆಯುತ್ತಾ ಇದ್ದರು. ಅವರಲ್ಲಿ ಮೂವರು ಹೆಂಗಸರು.

"ನಿಮ್ಮನೆ ನೋಡಿ ಬೀದಿಯವರೆಲ್ಲ ನಮಗೂ ಹೀಗೇ ಬೇಕು ಅಂದ್ರು. ಈಗ ಪಕ್ಕದೂರುಗಳಿಂದಲೂ ಆರ್ಡರ್ ಬರುತ್ತೆ. ಆ ಮೂಲೇಲಿರೋ ಇಬ್ಬರು ಪಾಸ್‌ಪೋರ್ಟ್ ಮಾಡಿಸ್ಕೊಂಡು ಪರದೇಶಕ್ಕೆ ಹೊರಟಿದ್ದವರು. ಈಗ ಇಲ್ಲೇ ಇದ್ದಾರೆ."

ಗೋಡೆಯ ತುಂಬ ಅವಳು ಕಳಿಸಿದ ಫೋಟೋಗಳ ಪ್ರಿಂಟು. ವರಾಂಡ, ಬಚ್ಚಲು, ಬಾಗಿಲು... ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ಗೆರೆ, ಅಂಕಿ.

ಪುಟ್ಟಿ ಗೋಡೆಯ ಹತ್ತಿರ ಹೋಗಿ ಒಂದೊಂದನ್ನೇ ನೋಡಿದಳು. ತಿಂಗಳು ತಿಂಗಳು ಹಣ ಕಳಿಸಿದ್ದು ಅವಳಿಗೆ ಗೊತ್ತಿತ್ತು. ಇಷ್ಟೆಲ್ಲ ಕಳಿಸಿದ್ದು ಗೊತ್ತೇ ಇರಲಿಲ್ಲ! ಬೆವರು ಒರೆಸಿಕೊಳ್ಳುತ್ತಾ, ಒಂಟಿತನ ಕಳೆಯಲು ಕ್ಲಿಕ್ಕಿಸಿದ ಒಂದೊಂದು ಚಿತ್ರವೂ ಇಲ್ಲಿ ಯಾರದೋ ಅನ್ನವಾಗಿತ್ತು, ಯಾರದೋ ಕಾಲಾಗಿತ್ತು.

"ಫೋಟೋ ನೋಡಿ ಎತ್ತರ ಹೇಗೆ ಗೊತ್ತಾಯ್ತು?"

ಅವನು ನೆಲ ನೋಡಿದ. "ಒಂದು ಫೋಟೋದಲ್ಲಿ ಕಂಬಿ ಪಕ್ಕ ನೀವೇ ನಿಂತಿದ್ರಿ. ನಿಮ್ಮೆತ್ತರ ಅಮ್ಮ ಹೇಳಿದ್ರು. ಅದರಿಂದ್ಲೇ ಲೆಕ್ಕ ಹಾಕ್ದೆ. ಆಮೇಲೆ ಎಲ್ಲರ ಮನೆಗೂ ಅದೇ ಅಳತೆ."

ಅಂದರೆ... ಈ ಊರಿನ ಕಂಬಿಗಳೆಲ್ಲ ಅವಳ ಕೈಯೆತ್ತರಕ್ಕೇ ಇದ್ದವು. ಅವಳಿಲ್ಲದ ಊರಲ್ಲಿ ಅಷ್ಟು ಜನ ದಿನವೂ ಅವಳ ಕೈಯೆತ್ತರಕ್ಕೆ ಕೈಚಾಚಿ ನಡೆಯುತ್ತಿದ್ದರು.

"ಆ ಫೋಟೋ ಎಲ್ಲಿ? ಗೋಡೆ ಮೇಲಿಲ್ವಲ್ಲ."

ಮೇಸ್ತ್ರಿ ಪರ್ಸ್ ತೆರೆದು ತೋರಿಸಿದ. ಒಳಗಿದ್ದ ಫೋಟೋದ ಅಂಚು ಸವೆದಿತ್ತು.

"ಅಳತೆಗೆ ಅಂತಲೇ ಇಟ್ಕೊಂಡಿದ್ದೆ. ಅಳತೆ ಮುಗಿದು ಎರಡೂವರೆ ವರ್ಷ ಆಯ್ತು. ತೆಗೆದಿಡೋಕೆ ಮನಸ್ಸಾಗ್ಲಿಲ್ಲ. ಇದೂ ನಿಮ್ಮನ್ನ ಕೇಳ್ಬೇಕಿತ್ತು..."

ಅವಳು ಫೋಟೋದ ಮೇಲೆ ಬೆರಳಾಡಿಸಿದಳು.

"ನಾಳೆ ನಾನು ಉತ್ತರ ಕೊಡ್ಬೇಕು. ಇನ್ನೂ ಮೂರು ವರ್ಷಕ್ಕೆ ಕರೀತಿದ್ದಾರೆ."

"ಅಮ್ಮ ಹೇಳಿದ್ರು."

"ಅಮ್ಮ ಏನಂದ್ರು?"

"ನಿಮಗೆ ಒಳ್ಳೇದಾಗೋ ಹಾಗಿದ್ರೆ ಹೋಗಲಿ ಅಂದ್ರು."

"ನೀವೇನಂತೀರಾ?"

"ನಾನು ಯಾರು ಮೇಡಂ ಹೇಳೋಕೆ..." ಎಂದವನು ಅವಳ ಮುಖ ನೋಡಿ, ಮೆಲ್ಲಗೆ ಅಂದ, "ಹೋಗ್ಬೇಡಿ."

ಈ ಆರು ವರ್ಷಗಳಲ್ಲಿ ಅವಳಿಗೆ ಯಾರೂ ಈ ಮಾತು ಹೇಳಿರಲಿಲ್ಲ. ಹುಷಾರಾಗಿ ಹೋಗು ಎಂದಿದ್ದರು, ತಲುಪಿದ ಮೇಲೆ ಫೋನ್ ಮಾಡು ಎಂದಿದ್ದರು. ಹೋಗಬೇಡ ಎಂದವರು ಒಬ್ಬರೂ ಇರಲಿಲ್ಲ. ಅವಳ ಕಣ್ಣು ತುಂಬಿ ಹರಿಯಿತು.

"ಏನಂದ್ರಿ? ಮಷಿನ್ ಸದ್ದಲ್ಲಿ ಕೇಳಿಸ್ಲಿಲ್ಲ."

"ಹೋಗ್ಬೇಡಿ!" ಎಂದು ಅವನು ಕೂಗುವುದಕ್ಕೂ ಗ್ರೈಂಡರ್ ನಿಲ್ಲುವುದಕ್ಕೂ ಸರಿಹೋಯಿತು. ಎಂಟೂ ಜನ ತಿರುಗಿ ನೋಡಿದರು. ಮೇಸ್ತ್ರಿಯ ಕಿವಿ ಕೆಂಪಾಯಿತು.

"ಈಗ ಕೇಳಿಸ್ತಾ?" ಎಂದ, ಪಿಸುಮಾತಿನಲ್ಲಿ.

"ಮೊದಲ ಸಲವೇ ಕೇಳಿಸಿತ್ತು," ಎಂದಳು ಪುಟ್ಟಿ, ಅಳುತ್ತಲೇ ನಗುತ್ತಾ. "ಹೋಗಲ್ಲ."